ಆರಡಿ ಫಿಲ್ಮು

ಇಚಲಕರಂಜಿ
2 ಆಗಸ್ಟ್ 2024

ಗೌರವ್ವಾ,

ನನ್ನ ಅಕ್ಷರದ ಗುರುತು ಹತ್ತಿದ ಕೂಡಲೇ ಕಾಗದ ಹರಿಯಬೇಡ. ನಲವತ್ತು ವರ್ಷದಲ್ಲಿ ನಿನ್ನ ಗಂಡ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ನನ್ನ ತಮ್ಮ ರಾಮಲಿಂಗನ ಮೊಮ್ಮಗಳು ಸ್ನೇಹಲ ಹೋದ ವಾರ ಬಂದಿದ್ದಳು. ಕೊಲ್ಹಾಪುರದಲ್ಲಿ ಓದುತ್ತಾಳೆ, ಕಿರುಚಿತ್ರಗಳ ಇತಿಹಾಸ ಬರೆಯುತ್ತಿದ್ದಾಳಂತೆ. “ಟಾಕೀಜಿನ್ಯಾಗ ಮಷೀನ ಓಡಿಸಿದಾಂವ ನೀನ ಅಲ್ಲೇನಜ್ಜಾ, ಹೇಳು” ಎಂದಳು. ನಾನೇನು ಹೇಳಲಿ? ದೊಡ್ಡ ಸಿನಿಮಾಕ್ಕೆ ಮೊದಲು ಸರಕಾರದ ಹತ್ತು ನಿಮಿಷದ ಚಿತ್ರ ತೋರಿಸಲೇಬೇಕಿತ್ತು, ಆ ಹೊತ್ತಿನಲ್ಲಿ ಜನರೆಲ್ಲ ಹೊರಗೆ ಚಹಾ ಕುಡಿಯುತ್ತಿದ್ದರು, ದೇಶದ ಪ್ರಗತಿಯನ್ನು ನಾನು ಖಾಲಿ ಕುರ್ಚಿಗಳಿಗೆ ತೋರಿಸಿದೆ ಎಂದೆ. ನಕ್ಕಳು. ಆಮೇಲೆ ಫೋನು ತೆಗೆದು, ಇದು ನಮ್ಮೂರಿನ ಮಗ್ಗಗಳ ಮೇಲಿನ ಚಿತ್ರ, ಪೂರ್ತಿ ಇರುವ ಒಂದು ಪ್ರತಿ ಸಿಕ್ಕಿದೆ ಎಂದು ತೋರಿಸಿದಳು.

ಗೌರವ್ವಾ, ಅದರಲ್ಲಿ ನಮ್ಮ ಮಗಳು ಬಾಳಕ್ಕ ಇದ್ದಾಳೆ.

ನೀನು ಕಂಡಕಿಗೆ ನೂಲು ಸುತ್ತುತ್ತಿದ್ದ ಅದೇ ಶೆಡ್ಡು. ಎರಡು ಮಗ್ಗಗಳ ನಡುವೆ ಓಡಿ ಬಂದು, ಕ್ಯಾಮೆರಾ ನೋಡಿ ನಗುತ್ತಾಳೆ. ಅಷ್ಟರಲ್ಲಿ ಪಕ್ಕದಿಂದ ನಿನ್ನ ಕೈ ಬಂದು ಅವಳನ್ನು ಎಳೆದುಕೊಳ್ಳುತ್ತದೆ. ಎಲ್ಲ ಸೇರಿ ನಾಲ್ಕು ಸೆಕೆಂಡು. ಆ ಮಳೆಗಾಲದಲ್ಲೇ ಜ್ವರ ಅವಳನ್ನು ಒಯ್ದಿತು. ಶಾಲೆಗೆ ಹಾಕುವಾಗ ಫೋಟೋ ತೆಗೆಸೋಣ ಎಂದು ತಡೆದಿದ್ದೆವು, ಒಂದೂ ಫೋಟೋ ಇರಲಿಲ್ಲ.

ಮರುವರ್ಷ ಆ ಚಿತ್ರ ನನ್ನ ಟಾಕೀಜಿಗೇ ಬಂತು. ಏಳು ದಿನ, ದಿನಕ್ಕೆ ಮೂರು ಆಟ, ಖಾಲಿ ಹಾಲಿನಲ್ಲಿ ನೀನೊಬ್ಬಳೇ ಕೂತಿರುತ್ತಿದ್ದೆ. ದೊಡ್ಡ ಸಿನಿಮಾ ಶುರುವಾದರೆ ಎದ್ದು ಹೋಗುತ್ತಿದ್ದೆ. ನೀನು ಊಟವನ್ನೇ ಬಿಟ್ಟಿದ್ದೆ. ಶುಕ್ರವಾರದಿಂದ ರೀಲು ಗಡಹಿಂಗ್ಲಜಕ್ಕೆ ಎಂದು ತಿಳಿದಾಗ, ತವರಿನಲ್ಲಿದ್ದು ಅಲ್ಲಿಯೂ ನೋಡುತ್ತೇನೆ ಎಂದು ನೀನು ಗಂಟು ಕಟ್ಟಿದೆ. ಎರಡೇ ದಿನಕ್ಕೆ ಮರಳಿ ಬಂದು ಬಾಗಿಲಲ್ಲೇ ನಿಂತು, “ಆಕಿ ಬರಲಿಲ್ಲರೀ. ಎಲ್ಲಾರೂ ಬಂದ್ರು, ಆಕಿ ಒಬ್ಬಾಕಿ ಬರಲಿಲ್ಲ” ಎಂದು ಹೇಳಿದವಳು ನೀನು. ರೀಲು ಹರಿದಿತ್ತು, ಆ ತುಂಡು ಹಾಳಾಯಿತು ಎಂದು ಹೇಳಿದವನು ನಾನು.

ಸುಳ್ಳು ಹೇಳಿದೆ. ರೀಲು ಹರಿದಿರಲಿಲ್ಲ. ಡಬ್ಬಿಗೆ ತುಂಬುವ ಮೊದಲು ಆರಡಿ ಫಿಲ್ಮನ್ನು ನಾನೇ ಕತ್ತರಿಸಿ, ಎರಡೂ ತುದಿ ಅಂಟಿಸಿ ಕಳಿಸಿದ್ದೆ. ಆ ಚಿತ್ರದ ಬೆನ್ನು ಹತ್ತಿ ಊರೂರು ತಿರುಗಿದರೆ ನಿನಗೆ ಹುಚ್ಚು ಹಿಡಿದೀತು ಎಂದು ಹೆದರಿದೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ.

ಆ ವರ್ಷ ಪಂಚಮಿಗೆಂದು ತವರಿಗೆ ಹೋದ ನೀನು ತಿರುಗಿ ಬರಲಿಲ್ಲ. ಹಬ್ಬ ಮುಗಿದ ಮೇಲೆ ಕರೆಯಲು ಬರುವುದು ಗಂಡನ ಕೆಲಸ, ನಾನೂ ಬರಲಿಲ್ಲ. ನಿನ್ನ ಮುಖ ನೋಡಿದರೆ ಬಾಯಿ ಬಿಟ್ಟೇನು ಎಂಬ ಭಯವಿತ್ತು.

ಇದೇ ಹನ್ನೊಂದರ ರವಿವಾರ, ಸಂಜೆ ನಾಲ್ಕಕ್ಕೆ, ಸ್ನೇಹಲ ಆ ಚಿತ್ರವನ್ನು ಕೊಲ್ಹಾಪುರದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾಳೆ. ಅಷ್ಟರಲ್ಲಿ ಪಂಚಮಿಯೂ ಮುಗಿದಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನನ್ನ ಜೊತೆ ಮಾತಾಡಬೇಡ, ಬಸ್ಸಿನಲ್ಲಿ ಬೇರೆ ಸೀಟು ಹಿಡಿ. ಆದರೆ ಬಾ. ಈ ಸಲ ಅವಳು ಬರುತ್ತಾಳೆ.

ನಿನ್ನ ತಪ್ಪಿತಸ್ಥ,
ಮಲ್ಲಾರಿ

ತಾ.ಕ.: ನಿನ್ನ ಒಳ್ಳೆಯದಕ್ಕೆ ಮಾಡಿದೆ ಎಂದು ಬರೆದೆನಲ್ಲ, ಅದೂ ಸುಳ್ಳು. ಆ ತುಂಡು ನನ್ನ ಬಳಿಯೇ ಇರಲಿ ಎಂಬ ಆಸೆಗೆ ಕತ್ತರಿಸಿದೆ. ತಂಬಾಕಿನ ಡಬ್ಬಿಯಲ್ಲಿಟ್ಟು ದಿನಾ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಹೆಬ್ಬೆರಳಿನಿಂದ ಸವರುತ್ತಿದ್ದೆ. ಸವರಿ ಸವರಿ ಅವಳ ಮುಖ ಅಳಿಸಿಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ಫೋನಿನಲ್ಲಿ ಓಡಿ ಬಂದ ಹುಡುಗಿ ಯಾರೆಂದು ನನಗೆ ತಿಳಿಯಲೇ ಇಲ್ಲ. ನಿನ್ನ ಕೈ ಬಂದಾಗ ಗುರುತು ಹತ್ತಿತು.