ರಿಟರ್ನ್ ಗಿಫ್ಟ್ ಆಗಿ ಹೋದ ಕಾಂಗರೂ

ನೋವೈ, ಮಿಷಿಗನ್
ಅಕ್ಟೋಬರ್ 8, ಬುಧವಾರ

ಪ್ರೀತಿಯ ಸುಹಾಸಿನಿ,

ಎರಡು ನಲವತ್ತಕ್ಕೆ ಎಚ್ಚರವಾಯಿತು. ಸಾಕೇತನ ಅಳುವಿನಿಂದಲ್ಲ. ಹುಟ್ಟಿದ ಆರು ತಿಂಗಳಲ್ಲಿ ಇವತ್ತೇ ಮೊದಲ ಸಲ ಅವನು ಎರಡೂವರೆ ದಾಟಿ ಮಲಗಿದ್ದಾನೆ, ನಾನು ಎದ್ದು ಕೂತಿದ್ದೇನೆ, ನನ್ನ ಹಣೆಬರಹ ನೋಡು. ಎಬ್ಬಿಸಿದ್ದು ಪಕ್ಕದ ಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ ಎಳೆಯುವ ಸದ್ದು. ಎಳೆಯುವುದು, ಅರ್ಧಕ್ಕೆ ನಿಲ್ಲಿಸುವುದು, ಯಾರಿಗೂ ಕೇಳಿಸಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಎಳೆಯುವುದು. ನಮ್ಮತ್ತೆ ಅನುಸೂಯಮ್ಮನವರು ಹೊರಟಿದ್ದಾರೆ. ಬೆಳಿಗ್ಗೆ ಆರಕ್ಕೆ ಶ್ರೀಕಾಂತ ಅವರನ್ನು ನೇಪರ್‌ವಿಲ್‌ನಲ್ಲಿರುವ ದೊಡ್ಡ ಮಗ ಉಪೇಂದ್ರ ಭಾವನ ಮನೆಗೆ ಬಿಟ್ಟು ಬರುತ್ತಾನೆ. ಆಮೇಲೆ ಅವರು ಈ ಮನೆಗೆ ಬರುತ್ತಾರೆ ಅಂತ ನನಗೆ ಅನ್ನಿಸುತ್ತಿಲ್ಲ. ಕಾರಣ, ನೀನು ಕೊಟ್ಟು ಹೋದ ಪೆಟ್ಟಿಗೆ.

ನಿನಗೆ ಮೂರು ಸಲ ಫೋನ್ ಮಾಡಿದೆ. ಸಂಜೆ ಐದಕ್ಕೆ ಕ್ಯಾಂಪಿಗೆ ಬಂದ ಮೇಲೇ ಸಿಗ್ನಲ್ ಅಂತ ನೀನೇ ಹೇಳಿದ್ದೆ. ನಿನ್ನ ಸಂಜೆ ಐದು ನನ್ನ ಬೆಳಗಿನ ಐದು. ಭೂಮಿಯ ಆ ಕಡೆ, ಆಸ್ಟ್ರೇಲಿಯಾದ ಕಾಡಿಗೆ ಹೋಗಿ ಕೂತಿದ್ದೀಯಲ್ಲ, ಅದಕ್ಕೂ ನನಗೆ ಸಿಟ್ಟಿದೆ, ಅದು ಬೇರೆ ಮಾತು. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ತೆರೆದ ತಕ್ಷಣ ಓದು.

ಆನ್ ಆರ್ಬರ್‌ನ ಅಪಾರ್ಟ್‌ಮೆಂಟ್ ಖಾಲಿ ಮಾಡುವಾಗ ನೀನು ಆ ಪೆಟ್ಟಿಗೆಯನ್ನು ನನ್ನ ಕಾರಿನಲ್ಲಿಟ್ಟು ಏನು ಹೇಳಿದ್ದೆ ನೆನಪಿದೆಯಾ? "ಯೂನಿವರ್ಸಿಟಿ ಡಿಪಾರ್ಟ್‌ಮೆಂಟಿಂದು ಕಣೇ ನವ್ಯಾ, ಒಂದೂ ಕಳೀಬೇಡ" ಅಂದಿದ್ದೆ. ಇಪ್ಪತ್ತೆರಡು ಪ್ರಾಣಿಗಳ ಮಾದರಿ ಗೊಂಬೆಗಳು, ಅಂಗೈ ಅಗಲದವು. ಹೊಟ್ಟೆಯ ಕೆಳಗೆ ಹಸಿರು ಚುಕ್ಕೆಯಿದ್ದ ಹನ್ನೊಂದು ಆಸ್ಟ್ರೇಲಿಯಾದ ಮೂಲದವು, ಕೆಂಪು ಚುಕ್ಕೆಯ ಹನ್ನೊಂದು ಹೊರಗಿನಿಂದ ತಂದು ಬಿಟ್ಟವು. ಆಶ್ರಿತಾ ಸೆಕೆಂಡ್ ಗ್ರೇಡ್‌ನಲ್ಲಿ ಖಂಡಗಳ ಬಗ್ಗೆ ಪ್ರೆಸೆಂಟೇಶನ್ ಕೊಡಬೇಕಿತ್ತು, ಆಸ್ಟ್ರೇಲಿಯಾ ತಾನೇ ಕೇಳಿ ಪಡೆದಿದ್ದಳು, ನಿನ್ನ ದೆಸೆಯಿಂದ. ಪೆಟ್ಟಿಗೆ ಬಂದ ದಿನದಿಂದ ಅವಳು ನಮ್ಮನ್ನೆಲ್ಲ ಪರೀಕ್ಷೆ ಮಾಡುತ್ತಿದ್ದಳು. ಊಟದ ತಟ್ಟೆಯ ಮುಂದೆ ಕೂತರೆ "ಅಮ್ಮಾ, ಕ್ಯಾಮೆಲ್, ನೇಟಿವ್ ಆರ್ ಇಂಟ್ರಡ್ಯೂಸ್ಡ್?" ಅನ್ನುವಳು. ನನಗೆ ಸಾಂಬಾರಿಗೆ ಉಪ್ಪು ಹಾಕಿದ್ದೇ ನೆನಪಿರುವುದಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಅತ್ತೆ ಐದು ಮೆಟ್ಟಿಲು ಕಟ್ಟಿ ಗೊಂಬೆ ಕೂಡಿಸಿದರು. ಮೆಟ್ಟಿಲ ಮುಂದೆ ಟ್ರೇಗಳಲ್ಲಿ ರಾಗಿ ಚೆಲ್ಲಿ ಪೈರು ಬರಿಸಿ ಪಾರ್ಕು ಮಾಡಿದರು, ನಮ್ಮ ಮೈಸೂರಿನ ಕ್ರಮ ನಿನಗೆ ಗೊತ್ತಲ್ಲ. ಪಾರ್ಕಿಗೆ ಪ್ರಾಣಿ ಬೇಕು. ಯಾರನ್ನೂ ಕೇಳದೆ ನಿನ್ನ ಪೆಟ್ಟಿಗೆ ತೆರೆದು ಇಪ್ಪತ್ತೆರಡನ್ನೂ ಹಸಿರಿನ ನಡುವೆ ನಿಲ್ಲಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟುಬಿಟ್ಟರು. ಪ್ಲ್ಯಾಟಿಪಸ್‌ನ ಕೊಕ್ಕಿನ ಮೇಲೆ ಈಗಲೂ ಕುಂಕುಮವಿದೆ, ಒರೆಸಿದಷ್ಟೂ ಹರಡುತ್ತದೆ.

ಆಶ್ರಿತಾ ಸ್ಕೂಲಿಂದ ಬಂದು ನೋಡಿ ಕಿರುಚಾಡಿದಳು. ಮೊಲ ಬಿಲ ತೋಡುವ ವಾಂಬ್ಯಾಟ್ ಪಕ್ಕ ಇರಕೂಡದು, ನರಿ ಅಳಿಲಿನಂಥ ಪುಟ್ಟ ನಂಬ್ಯಾಟನ್ನು ತಿಂದುಹಾಕುತ್ತದೆ. ಊದಿನಕಡ್ಡಿಗಳನ್ನು ಸಾಲಾಗಿ ಚುಚ್ಚಿ ಬೇಲಿ ಹಾಕಿದಳು, ಆ ಕಡೆ ಮೂಲದವು, ಈ ಕಡೆ ಬಂದವು. ಬೆಳಿಗ್ಗೆ ಅತ್ತೆ ಬೇಲಿ ಕಿತ್ತು, "ಕೆರೆ ಹತ್ರ ಒಂದು ನರಿ ಇದ್ರೇನೇ ಲಕ್ಷಣ ಕಣೇ, ಪಾಪ, ಅದೇನು ತಾನಾಗಿ ಬಂತಾ?" ಅಂತ ನರಿಯನ್ನು ಕನ್ನಡಿಯ ಕೆರೆಯ ಪಕ್ಕಕ್ಕೆ ತರುವರು. ಸಂಜೆ ಅವಳು ಅದನ್ನು ಗಡೀಪಾರು ಮಾಡುವಳು. ಒಂಬತ್ತು ದಿನವೂ ಇದೇ ಪಂಚಾಯ್ತಿ, ನಡುವೆ ಎದೆಗೆ ಮಗು ಕಟ್ಟಿಕೊಂಡು ನಾನು.

ಬಂದವರಿಗೆಲ್ಲ ಮಾತ್ರ ಇದೇ ದೊಡ್ಡ ಆಕರ್ಷಣೆ. ನಮ್ಮ ಬಡಾವಣೆಯ ಶಿವಕ್ಕನಿಗೆ, ಧಾರವಾಡದವರು, ಆಶ್ರಿತಾ ಒಂಟೆಯ ಕಥೆ ಹೇಳಿದಳು: ಮರುಭೂಮಿಯಲ್ಲಿ ಸಾಮಾನು ಹೊರಲು ಹಡಗಿನಲ್ಲಿ ತಂದರು, ಮೋಟಾರು ಬಂದ ಮೇಲೆ ಬೇಡ ಅಂತ ಕಾಡಿಗೆ ಬಿಟ್ಟರು. ಶಿವಕ್ಕ ಒಂಟೆಯ ಬೆನ್ನು ಸವರಿ, "ಹಂಗಾರ ಇದೂ ನಮ್ಮನಿಯವರಂಗ ವರ್ಕ್ ವೀಸಾದ ಮ್ಯಾಲೆ ಬಂದದ್ದ ಬಿಡ ನವ್ಯಾ. ಪ್ರಾಜೆಕ್ಟ್ ಮುಗೀತು, ಅಡವಿಗೆ ಅಟ್ಟಿದ್ರು" ಅಂದರು. ಎಲ್ಲರೂ ನಕ್ಕರು. ಶ್ರೀಕಾಂತ ನಗಲಿಲ್ಲ, ಅವನ ವೀಸಾ ಎಕ್ಸ್‌ಟೆನ್ಶನ್ ಇನ್ನೂ ಬಂದಿಲ್ಲ.

ವಿಜಯದಶಮಿ ಕಳೆದು ಶುಕ್ರವಾರ ಗೊಂಬೆ ತೆಗೆದಾಗ, ಇನ್ನು ಅಜ್ಜಿ ಬೆರೆಸಬಾರದು ಅಂತ ಆಶ್ರಿತಾ ಕೆಂಪು ಚುಕ್ಕೆಯವನ್ನು ನಿನ್ನ ಪೆಟ್ಟಿಗೆಗೂ ಹಸಿರು ಚುಕ್ಕೆಯವನ್ನು ಒಂದು ಶೂ ಡಬ್ಬಕ್ಕೂ ತುಂಬಿ ಲಾಂಡ್ರಿ ರೂಮಿನಲ್ಲಿಟ್ಟಳು. ಮಾರನೆಯ ದಿನ, ಶನಿವಾರ, ಸಾಕೇತನ ಅನ್ನಪ್ರಾಶನ. ದೇವಸ್ಥಾನದಲ್ಲಿ ಮುಗಿಸಿಕೊಂಡು ಮನೆಯಲ್ಲಿ ನಲವತ್ತು ಜನಕ್ಕೆ ಊಟ. ಬರುವ ಮಕ್ಕಳಿಗೆ ರಿಟರ್ನ್ ಗಿಫ್ಟ್ ಕೊಡದಿದ್ದರೆ ಇಲ್ಲಿ ಆಗುವುದಿಲ್ಲ, ಆ ಕಾಯಿಲೆ ನಮ್ಮವರಿಗೇ ಜಾಸ್ತಿ. ಕ್ರೇಯಾನು, ಚಾಕಲೇಟು, ಒಂದು ಪ್ಲಾಸ್ಟಿಕ್ ಪ್ರಾಣಿ ಅಂತ ಹನ್ನೊಂದು ಚೀಲ. ಅಗ್ಗದ ಅಂಗಡಿಯಿಂದ ತಂದ ಆ ಪ್ರಾಣಿಗಳೂ ಲಾಂಡ್ರಿ ರೂಮಿನಲ್ಲಿ, ಇನ್ನೊಂದು ಶೂ ಡಬ್ಬದಲ್ಲಿದ್ದವು. ಚೀಲ ತುಂಬುವಾಗ ಡಬ್ಬ ಅದಲುಬದಲಾಗಿದೆ. ಹೇಗಾಯಿತು ಅಂತ ಈಗ ಕೇಳಬೇಡ. ಅತ್ತೆ ಬಾಗಿಲಲ್ಲಿ ನಿಂತು ಹೆಂಗಸರಿಗೆ ಎಲೆಅಡಿಕೆ, ಮಕ್ಕಳಿಗೆ ಚೀಲ ಕೊಟ್ಟು ಕಳಿಸಿದರು. ಆಸ್ಟ್ರೇಲಿಯಾದ ಮೂಲ ನಿವಾಸಿಗಳೆಲ್ಲ ಮಿನಿವ್ಯಾನ್ ಹತ್ತಿ ಹೋದರು.

ಸೋಮವಾರ ಆಶ್ರಿತಾ ಕ್ಲಾಸಿನಲ್ಲಿ ಮೊದಲು ಮೊಲ, ನರಿ, ಬೆಕ್ಕು, ಹಂದಿ ಎಲ್ಲ ತೋರಿಸಿದಳಂತೆ. ಆಮೇಲೆ, ಈಗ ನಿಜವಾದ ಆಸ್ಟ್ರೇಲಿಯಾ ನೋಡಿ ಅಂತ ಶೂ ಡಬ್ಬ ತೆರೆದರೆ ಒಳಗೆ ಸಿಂಹ, ಆನೆ, ಎರಡು ಜಿರಾಫೆ. ಇಪ್ಪತ್ನಾಲ್ಕು ಮಕ್ಕಳು ಒಟ್ಟಿಗೆ ನಕ್ಕರೆ ಹೇಗಿರುತ್ತದೆ ಅಂತ ಏಳು ವರ್ಷದವಳಿಗೆ ಗೊತ್ತಾಗಬೇಕಿರಲಿಲ್ಲ. ಟೀಚರ್ ಅವಳ ಕಲ್ಪನಾಶಕ್ತಿಯನ್ನು ಹೊಗಳಿ ಈಮೇಲ್ ಕಳಿಸಿದ್ದಾರೆ. ಅದನ್ನು ಓದಿ ನನಗೆ ಇನ್ನೂ ಉರಿಯಿತು.

ಸಂಜೆ ಶ್ರೀಕಾಂತ ಬಂದ. ಮಗಳ ಮುಖ ನೋಡಿ, ಕಥೆ ಕೇಳಿ, ಸೀದಾ ಅತ್ತೆಯ ಮುಂದೆ ನಿಂತ. "ಯಾರನ್ನ ಕೇಳಿ ಕೊಟ್ಟೆ ಅಮ್ಮ? ಒಂಬತ್ತು ದಿನದಿಂದ ಅವಳು ಬಡ್ಕೊಂಡ್ಳು, ಅಜ್ಜಿ ಮುಟ್ಬೇಡಿ ಅಂತ. ಅದು ಸುಹಾಸಿನಿ ಕೆಲಸದ ಸಾಮಾನು. ಅವಳ ಬಾಸ್ ಕೇಳಿದ್ರೆ ನೀನು ಉತ್ತರ ಕೊಡ್ತೀಯಾ?" ಅಂದ. ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಿ ಒಮ್ಮೆ ನನ್ನ ಕಡೆ ನೋಡಿದರು. "ಕೊಟ್ಟೋಳು ನಾನೇ ಕಣಪ್ಪ" ಅಂದರು. ಮತ್ತೆ ಕಾಯಿ ಬಿಡಿಸತೊಡಗಿದರು. ಅವನು ಇನ್ನೂ ಏನೇನೋ ಅಂದ, ನಿನಗೆ ಬರೆಯಲಾರೆ. ಆಶ್ರಿತಾ ಅಜ್ಜಿಯ ಜೊತೆ ಮಲಗುವವಳು, ಅವತ್ತಿನಿಂದ ದಿಂಬು ತಂದು ನಮ್ಮ ಕೋಣೆಯ ನೆಲದ ಮೇಲೆ ಮಲಗುತ್ತಿದ್ದಾಳೆ.

ನಾನು ವಾಟ್ಸಾಪ್ ಗ್ರೂಪಿನಲ್ಲಿ, ದಯವಿಟ್ಟು ಹೊಟ್ಟೆಯ ಕೆಳಗೆ ಹಸಿರು ಚುಕ್ಕೆಯಿದ್ದರೆ ವಾಪಸು ಕೊಡಿ ಅಂತ ಹಾಕಿದೆ. ಹನ್ನೆರಡು ಜನ ಕೈ ಮುಗಿದ ಚಿತ್ರ ಕಳಿಸಿದರು, ಪ್ರಾಣಿ ಕಳಿಸಿದವರು ನಾಲ್ಕೇ ಮನೆಯವರು. ಉಳಿದವರ ಮನೆಗೆ ನಿನ್ನೆಯೆಲ್ಲ ಡ್ರೈವ್ ಮಾಡಿದೆ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು. ಮುಳ್ಳುಹಂದಿಯಂಥ ಎಕಿಡ್ನಾದ ಎರಡು ಮುಳ್ಳು ಶಿವಕ್ಕನ ನಾಯಿಯ ಹೊಟ್ಟೆಯಲ್ಲಿವೆ. ಲಲಿತಮ್ಮ ಆಂಟಿಯ ಮೊಮ್ಮಗಳು ಮಾನ್ಯಾ ವಾಂಬ್ಯಾಟನ್ನು ತಬ್ಬಿಕೊಂಡೇ ನಿದ್ದೆ ಮಾಡುತ್ತಾಳಂತೆ. ಆಂಟಿ ಬಾಗಿಲಲ್ಲೇ ನಿಂತು, "ಕೊಟ್ಟಿದ್ದನ್ನ ವಾಪಸ್ ಕೇಳೋರನ್ನ ನಾನು ಇದೇ ಮೊದಲು ನೋಡಿದ್ದಮ್ಮ. ನಿಮ್ಮತ್ತೆಗೂ ವಯಸ್ಸಾಯ್ತು, ಇನ್ನು ಬಾಗಿಲ ಹತ್ರ ಅವರನ್ನ ನಿಲ್ಲಿಸ್ಬೇಡ" ಅಂದರು. ನಾನು ಹೂಂ ಅಂದೆ. ಒಟ್ಟು ಎಂಟು ಸಿಕ್ಕಿವೆ. ವಾಂಬ್ಯಾಟ್, ಎಮು, ನಿನ್ನ ಪ್ರೀತಿಯ ನಂಬ್ಯಾಟ್ ಇನ್ನೂ ಹೊರಗಿವೆ.

ನಿನ್ನೆ ಊಟವಾದ ಮೇಲೆ ಅತ್ತೆ ಶ್ರೀಕಾಂತನಿಗೆ, "ಉಪೇಂದ್ರ ಬಾ ಅಂತಿದಾನೆ, ಬಿಟ್ಟು ಬಾ" ಅಂದರು. ಭಾವ ಕರೆದಿಲ್ಲ, ನನಗೆ ಗೊತ್ತು, ಅತ್ತೆ ನಾಳೆ ಬರುತ್ತಾರಂತೆ, ಯಾಕೆ ಅಂತ ಭಾವನ ಹೆಂಡತಿ ಗಾಬರಿಯಾಗಿ ನನಗೆ ಮೆಸೇಜ್ ಮಾಡಿದ್ದಾರೆ. ಇವನೂ ಆಯ್ತು ಅಂದುಬಿಟ್ಟ, ರಜಾ ಕೂಡ ಹಾಕಿದ. ತಾಯಿ ಮಗ ಇಬ್ಬರಿಗೂ ಒಂದೇ ಹಟ. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಸ್ನಾನ ಮಾಡಿಸುವವರು ಅವರು. ಎರಡು ಗಂಟೆ ಹೊತ್ತು ನಾನು ಕಣ್ಣು ಮುಚ್ಚುವುದು ಅವರು ಅವನನ್ನು ಎತ್ತಿಕೊಂಡಾಗ ಮಾತ್ರ. ಅವರು ಹೋದರೆ ಈ ಮನೆಯಲ್ಲಿ ಹಗಲೆಲ್ಲ ನಾನು ಮತ್ತು ಅವನು, ಇಬ್ಬರೇ.

ಆದ್ದರಿಂದ ನೀನು ಮಾಡಬೇಕಾದ್ದು ಇಷ್ಟೇ. ಶ್ರೀಕಾಂತನಿಗೆ ಫೋನ್ ಮಾಡು. ಅವು ಅಷ್ಟೇನೂ ಬೆಲೆಬಾಳುವ ಸಾಮಾನಲ್ಲ, ಮೂರು ಹೋದರೆ ಹೊಸದು ಮಾಡಿಸಬಹುದು ಅನ್ನು. ಸುಳ್ಳಾದರೂ ಪರವಾಗಿಲ್ಲ. ನಿನ್ನ ಮಾತಿಗೆ ಬೆಲೆ ಕೊಡುತ್ತಾನೆ, ನನ್ನದಕ್ಕಲ್ಲ.

ನಿನ್ನ
ನವ್ಯಶ್ರೀ

ಮರುಬರಹ: ಮೇಲಿನದನ್ನು ಎರಡು ಸಲ ಓದಿದೆ. ಅದಲುಬದಲಾಗಿದೆ ಅಂತ ಬರೆದಿದ್ದೇನೆ, ಡಬ್ಬಗಳಿಗೆ ಕಾಲು ಬಂದಿತ್ತು ಅನ್ನುವ ಹಾಗೆ. ಚೀಲ ತುಂಬಿದ್ದು ನಾನು, ಸುಹಾ. ಶನಿವಾರ ಬೆಳಿಗ್ಗೆ, ವಾಷಿಂಗ್ ಮೆಷಿನ್ ಮೇಲೆ ಇಟ್ಟುಕೊಂಡು, ಒಂದೇ ಕೈಯಲ್ಲಿ. ಕಾಂಗರೂ ಕೈಗೆ ಬಂದಾಗ ನೋಡಿದೆ ಕೂಡ. ಪರವಾಗಿಲ್ಲ, ಅಗ್ಗದ ಅಂಗಡಿಯಲ್ಲೂ ಒಳ್ಳೇದೇ ಸಿಕ್ಕಿದೆ ಅಂದುಕೊಂಡು ಚೀಲಕ್ಕೆ ಹಾಕಿ ರಿಬ್ಬನ್ ಕಟ್ಟಿದೆ. ಸಾಕೇತನನ್ನು ಎತ್ತಿಕೊಂಡು ಅತ್ತೆ ಲಾಂಡ್ರಿ ರೂಮಿನ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಗೊತ್ತು. ಹುರುಳಿಕಾಯಿಯ ಮುಂದೆ ನನ್ನ ಕಡೆ ನೋಡಿದ್ದು ಅದಕ್ಕೇ. ನಾನು ಬಾಯಿ ಬಿಡಲಿಲ್ಲ.

ಯಾಕೆ ಅಂದರೆ, ಆಗಸ್ಟಿನಲ್ಲಿ ಒಲೆ ಉರಿಯುತ್ತಿದ್ದಾಗ ಹಾಗೇ ಬಿಟ್ಟು ಹೊರಗೆ ಹೋಗಿದ್ದೆ. ಹೋದ ತಿಂಗಳು ಮಗುವನ್ನು ಕಾರಿನಲ್ಲೇ ಬಿಟ್ಟು ಒಳಗೆ ಬಂದು ಕೂತೆ, ನಾಲ್ಕೇ ನಿಮಿಷ, ಆದರೂ ಬಿಟ್ಟೆ. ಶ್ರೀಕಾಂತ ಬೈಯಲಿಲ್ಲ. "ನವ್ಯಾ, ಇನ್ನೊಂದು ಸಲ ಹೀಗಾದ್ರೆ ನಿನ್ನ ಒಬ್ಬಳನ್ನೇ ಮಗು ಜೊತೆ ಬಿಡೋಕೆ ಆಗಲ್ಲ" ಅಂತ ಮೆತ್ತಗೆ ಅಂದ. ಅವನು ಕೂಗಿದ್ದರೆ ನಾನು ತಿರುಗಿ ಕೂಗುತ್ತಿದ್ದೆ. ಆ ಮೆತ್ತನೆಯ ದನಿಗೆ ಹೆದರಿ ಅತ್ತೆಯನ್ನು ಮುಂದೆ ತಳ್ಳಿದೆ.

ಎರಡು ಸಲ ಅವರ ಬಾಗಿಲ ತನಕ ಹೋಗಿ ವಾಪಸು ಬಂದೆ. ನಾನಾಗಿ ಹೇಳಲಾರೆ, ಆದರೆ ನೀನು ಕೇಳಿದರೆ ಸುಳ್ಳು ಹೇಳಲಾರೆ, ಹಾಸ್ಟೆಲಿನಿಂದಲೂ ಹಾಗೇ ತಾನೇ. ಆದ್ದರಿಂದ ಶ್ರೀಕಾಂತನಿಗೆ ಮಾಡಬೇಡ, ನನಗೇ ಮಾಡು. ಐದಕ್ಕೆ ಅವರು ಕಾಫಿಗೆ ಕೆಳಗಿಳಿಯುತ್ತಾರೆ, ಎಲ್ಲರೂ ಅಡುಗೆಮನೆಯಲ್ಲಿ ಇರುತ್ತೇವೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತೇನೆ. ಕುಶಲ ಗಿಶಲ ಕೇಳುತ್ತ ಕೂರಬೇಡ. ಚೀಲ ತುಂಬಿದ್ದು ಯಾರು ಅಂತ ನನ್ನ ಹೆಸರು ಹಿಡಿದು ಕೇಳು. ಆರಕ್ಕೆ ಕಾರು ಹೊರಡುತ್ತದೆ. ಫೋನ್ ಮಾಡು ಸುಹಾ, ಬೆಳಗಾಗುವುದರೊಳಗೆ ಮಾಡು.