ಸಿಂಕಿನ ಕೆಳಗಿನ ನಟ್ಟು

ಅಣ್ಣಾ,

ನಿನಗೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಕೆಳಗಿನ ಮನೆ ಟೀಚರ್ ಕೋಣೆಗೆ ನೀರು ಸುರಿದದ್ದು ಅಪ್ಪನಿಂದಲ್ಲ. ನಮ್ಮ ಸಿಂಕಿನ ಕೆಳಗೆ ಒಡೆದ ಪ್ಲಾಸ್ಟಿಕ್ ನಟ್ಟನ್ನು ನಿನ್ನೆ ನನ್ನ ಲ್ಯಾಬಿಗೆ ಒಯ್ದು ನೋಡಿದೆ. ದಿನವೂ ಯಾರ್ಯಾರದೋ ಕಟ್ಟಡದ ಒಡೆದ ಪೈಪು ಪರೀಕ್ಷಿಸುವವಳು ನಾನು. ನಟ್ಟಿನ ಮೈತುಂಬ ರೆಂಚಿನ ಹಲ್ಲಿನ ಗುರುತು. ಬಿರುಕು ಶುರುವಾಗಿದ್ದೂ ಅಲ್ಲಿಂದಲೇ.

ಮೂವತ್ತು ವರ್ಷದಿಂದ ಪ್ಲಂಬರ್ ಆಗಿರುವ ಅಪ್ಪ ಪ್ಲಾಸ್ಟಿಕ್ ನಟ್ಟನ್ನು ಬೆರಳಿನಲ್ಲೇ ಬಿಗಿ ಮಾಡುತ್ತಾರೆ. ಅವರು ಮುಗಿಸಿ ಎದ್ದ ಮೇಲೆ "ಇನ್ನೊಂದು ಸುತ್ತು ಇರ್ಲಿ" ಅಂತ ರೆಂಚ್ ಹಾಕಿದವನು ನೀನು. ಆಮೇಲೆ ಟೀಚರ್ ಎದುರು "ಅಪ್ಪಂಗೆ ಈಗ ಕೈ ನಡುಗುತ್ತೆ, ಏನ್ ಮಾಡೋದು" ಅಂತ ಹಲ್ಲು ಕಿರಿದವನೂ ನೀನೇ. ಅಪ್ಪ ಅದನ್ನೇ ನಂಬಿ, ಗುಜರಿಗೆ ಹಾಕಲು ತಮ್ಮ ಕೆಲಸದ ಸಾಮಾನಿನ ಚೀಲವನ್ನು ಬಾಗಿಲ ಬಳಿ ಇಟ್ಟಿದ್ದಾರೆ.

ಮೊದಲು ಆ ಚೀಲ ಒಳಗಿಡು.

ನಟ್ಟು ಮೇಜಿನ ಮೇಲಿದೆ. ಅದನ್ನು ತಗೊಂಡು, ಅಪ್ಪನನ್ನೂ ಕರೆದುಕೊಂಡು ಟೀಚರ್ ಮನೆಗೆ ಹೋಗು. ನಡೆದದ್ದನ್ನು ಅಪ್ಪನ ಎದುರೇ ಹೇಳು.

ಹೊಸ ನಟ್ಟು ಅಪ್ಪನೇ ಹಾಕಲಿ. ನೀನು ಟಾರ್ಚ್ ಹಿಡಿ, ಅಷ್ಟು ಸಾಕು.

ಫ್ಲಾಸ್ಕಿನಲ್ಲಿರುವ ಚಹಾ ಅಪ್ಪನಿಗೆ. ನಿನಗಲ್ಲ.

ಟೀಚರ್ ಕಳೆದುಕೊಂಡದ್ದು ಒಂದು ಹಾಸಿಗೆ, ನಲವತ್ತೊಂದು ಉತ್ತರ ಪತ್ರಿಕೆ. ಅಪ್ಪ ಕೆಲಸಕ್ಕೆ ಹೋಗದೆ ಗೋಡೆ ನೋಡುತ್ತ ಕೂತದ್ದು ಹನ್ನೊಂದು ದಿನ.