ಸಮುದ್ರಕ್ಕೆ ಬೆನ್ನು ಹಾಕಿ ಕೂತ ಮನೆಯ ಪರವಾಗಿ

ನಮ್ಮ ಊರಿಗೆ ಬರುವ ಪ್ರವಾಸಿಗರು ಎಲ್ಲಿ ತಂಗಬೇಕು, ಎಲ್ಲಿ ತಂಗಬಾರದು ಎಂದು ಪಟ್ಟಿ ಮಾಡಿ ಹಂಚುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ಒಡೆಯಿರಿ ಎಂದದ್ದಕ್ಕೆ ನಾನು ಒಡೆದ ಗೋಡೆಯನ್ನು, ನಿಮ್ಮನ್ನು ಕೇಳದೆ ಒಡೆಯಲಾಗಿದೆ ಎಂದು ಹೇಳಿ ನಿಮ್ಮ ಕಚೇರಿ ನನ್ನ ಅಕ್ಕನ ಮನೆಯ ಬಾಗಿಲಿಗೆ ನೋಟಿಸು ಅಂಟಿಸಿದೆ. ಮೂವತ್ತು ದಿನಗಳೊಳಗೆ ಸಮುದ್ರದ ಕಡೆಯ ಕೋಣೆಯನ್ನು ಕೆಡವಬೇಕಂತೆ. ಅತಿಥಿಗಳನ್ನು ಇರಿಸಿಕೊಳ್ಳುವುದನ್ನು ಕೂಡಲೇ ನಿಲ್ಲಿಸಬೇಕಂತೆ. ತಪ್ಪಿದರೆ ಕೆಡವುವ ಶ್ರಮವನ್ನು ಕಚೇರಿಯೇ ವಹಿಸಿಕೊಳ್ಳುತ್ತದಂತೆ. ಇವತ್ತಿಗೆ ಹನ್ನೊಂದು ದಿನ ಕಳೆಯಿತು. ನಿಮ್ಮವರು ಅಂಟನ್ನು ಧಾರಾಳವಾಗಿ ಬಳಿದಿದ್ದಾರೆ ಎಂದು ಒಪ್ಪಿಕೊಳ್ಳಲೇಬೇಕು. ಇಲ್ಲಿನ ಉಪ್ಪುಗಾಳಿಗೆ ಬಾಗಿಲ ಬಣ್ಣ ಒಂದು ವರ್ಷ ನಿಲ್ಲುವುದಿಲ್ಲ, ನಿಮ್ಮ ಕಾಗದ ಮಾತ್ರ ಇನ್ನೂ ಮೂಲೆ ಕೂಡ ಎತ್ತಿಲ್ಲ. ಅಕ್ಕ ದಿನಾ ಬೆಳಗ್ಗೆ ಬಾಗಿಲು ಒರೆಸುವಾಗ ಅದನ್ನೂ ಒರೆಸುತ್ತಾಳೆ.

ನಾನು ಗಾರೆ ಕೆಲಸದವನು. ನನ್ನ ಅಪ್ಪನೂ ಅದೇ ಕೆಲಸ ಮಾಡಿ ಸತ್ತವನು. ದಂಡೆಯ ಸಾಲಿನಲ್ಲಿರುವ ಹಳೆಯ ಮನೆಗಳಲ್ಲಿ ಅರ್ಧಕ್ಕರ್ಧ ಅಪ್ಪನ ಕೈಯವು, ಅಕ್ಕನ ಮನೆಯೂ ಸೇರಿ. ನೀವು ಎಂದಾದರೂ ಕಾರಿನಿಂದ ಇಳಿದು ಆ ಸಾಲಿನಲ್ಲಿ ನಡೆದಿದ್ದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿನ ಒಂದೇ ಒಂದು ಹಳೆಯ ಮನೆಗೂ ಸಮುದ್ರದ ಕಡೆ ಕಿಟಕಿ ಇರಲಿಲ್ಲ. ಬಾಗಿಲು, ಕಿಟಕಿ, ಕೂರುವ ಮೆಟ್ಟಿಲು ಎಲ್ಲವೂ ಬೀದಿಯ ಕಡೆಗೆ. ಸಮುದ್ರದ ಕಡೆಗೆ ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಸೂರಿನ ಕೆಳಗೆ ಮುಷ್ಟಿ ಗಾತ್ರದ ಎರಡು ಕಿಂಡಿ, ಅಷ್ಟೇ. ಇಷ್ಟು ಚೆಂದದ ನೀರನ್ನು ಹಿತ್ತಿಲಲ್ಲಿ ಇಟ್ಟುಕೊಂಡು ಅದಕ್ಕೆ ಬೆನ್ನು ಹಾಕಿ ಕೂತ ಜನ ಎಂಥ ಅರಸಿಕರು ಎಂದು ಬಂದವರೆಲ್ಲ ನಕ್ಕಿದ್ದಾರೆ. ನಗಲಿ. ವರ್ಷಕ್ಕೆ ಎರಡು ತಿಂಗಳು ಗಾಳಿ ನೀರಿನ ಮೇಲಿಂದ ನೇರವಾಗಿ ಬಂದು ಆ ಗೋಡೆಗೆ ಗುದ್ದುತ್ತದೆ. ಅಪ್ಪ ಅದನ್ನು ಹೀಗೆ ಹೇಳುತ್ತಿದ್ದ: "ಗಾಳಿ ಮನೆ ಮೇಲಿಂದ ದಾಟಿ ಹೋದ್ರೆ ಏನೂ ಮಾಡಲ್ಲ. ಒಳಗೆ ಬಂತು ಅಂದ್ರೆ ಹೊರಗೆ ಹೋಗೋಕೆ ದಾರಿ ಹುಡುಕುತ್ತೆ. ಸಿಗದಿದ್ರೆ ಸೂರನ್ನೇ ಎತ್ಕೊಂಡು ಹೋಗುತ್ತೆ." ದೋಣಿಯಲ್ಲಿ ಬದುಕು ಸವೆಸಿದ ಭಾವನಿಗೆ ಬೇರೆಯೇ ಕಾರಣವಿತ್ತು. "ದಿನಕ್ಕೆ ಹನ್ನೆರಡು ಗಂಟೆ ಅದರ ಮುಖ ನೋಡ್ಕೊಂಡು ಬರ್ತೀನಿ. ಮನೇಲೂ ಅದೇ ಮುಖ ಬೇಕಾ?" ಎನ್ನುತ್ತಿದ್ದ.

ಭಾವ ತೀರಿಕೊಂಡ ಮೇಲೆ ಅಕ್ಕ ಸಮುದ್ರದ ಕಡೆಯ ದೊಡ್ಡ ಕೋಣೆಯನ್ನು ಬಂದವರಿಗೆ ಬಾಡಿಗೆಗೆ ಕೊಡತೊಡಗಿದಳು. ಅದೇ ಅವಳ ಬದುಕು. ನಾಲ್ಕಾರು ವರ್ಷ ಯಾರ ಪಟ್ಟಿಯೂ ಇಲ್ಲದೆ ಕೋಣೆ ನಡೆಯಿತು. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಬರುತ್ತಿದ್ದರು. ಆಮೇಲೆ ನಿಮ್ಮ ಪಟ್ಟಿ ಬಂತು. ಬಸ್ಸಿನಿಂದ ಇಳಿದವರ ಕೈಗೆಲ್ಲ ಅದೇ ಬಣ್ಣದ ಪುಸ್ತಿಕೆ, ಅದರಲ್ಲಿ ಮನೆಗೊಂದರಿಂದ ಐದರವರೆಗೆ ಕಪ್ಪೆಚಿಪ್ಪಿನ ಗುರುತು. ಪುಸ್ತಿಕೆಯಲ್ಲಿ ಇಲ್ಲದ ಮನೆ ಊರಿನಲ್ಲೇ ಇಲ್ಲ ಎಂದು ಲೆಕ್ಕ. ನಮ್ಮ ಕೈಗೆ ನೀವು ಚಿಪ್ಪು ಕೊಡುತ್ತೀರಿ ಎಂದು ಊರವರು ಮೊದಲ ದಿನವೇ ತಮಾಷೆ ಮಾಡಿದ್ದರು. ಅದು ತಮಾಷೆಯಾಗಿ ಉಳಿಯಲಿಲ್ಲ.

ನಿಮ್ಮ ಪರಿಶೀಲಕರು ಬಂದದ್ದು ನನಗೆ ಚೆನ್ನಾಗಿ ನೆನಪಿದೆ, ಅಂದು ನಾನು ಅಕ್ಕನ ಬಚ್ಚಲಿನ ನೆಲ ಸರಿಮಾಡುತ್ತಿದ್ದೆ. ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟರಲ್ಲಿ ಅವರ ಪರಿಶೀಲನೆ ಮುಗಿದಿತ್ತು. ಹಾಸಿಗೆ ಒತ್ತಿ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಕೋಣೆಯ ನಡುವೆ ನಿಂತು, "ವ್ಯೂ ಎಲ್ಲಿ?" ಎಂದರು.

"ಯಾವ ವ್ಯೂ?" ಎಂದಳು ಅಕ್ಕ.

"ಸಮುದ್ರ ಕಾಣಲ್ವಲ್ಲ ಇಲ್ಲಿಂದ."

"ಸಮುದ್ರ ಎಲ್ಲೂ ಹೋಗಿಲ್ಲಪ್ಪ. ಮನೆ ಸುತ್ತಿ ಇಪ್ಪತ್ತು ಹೆಜ್ಜೆ ಹಾಕು, ಕಾಲಿಗೇ ಬಂದು ತಾಗುತ್ತೆ."

"ಹಾಗಲ್ಲಮ್ಮ, ಮಲಗಿದ ಜಾಗದಿಂದ ಕಾಣ್ಬೇಕು."

"ಜನ ಮಲಗೋದು ಕಣ್ಣು ಮುಚ್ಚೋಕಲ್ವಾ?"

ಅವರಿಗೆ ನಗು ಬರಲಿಲ್ಲ. 'ಕಡಲ ನೋಟ' ಎಂಬ ಅಂಕಣದಲ್ಲಿ 'ಇಲ್ಲ' ಎಂದು ಗುರುತು ಹಾಕಿ, ಕೆಳಗೆ ತಮ್ಮದೇ ಶಾಯಿಯಲ್ಲಿ ಒಂದು ಸಾಲು ಬರೆದು, ಸಹಿ ಮಾಡಿ, ಪ್ರತಿ ಕೊಟ್ಟು ಹೋದರು. 'ಸಮುದ್ರದ ಕಡೆಯ ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆದಲ್ಲಿ ಮರುಪರಿಶೀಲಿಸಬಹುದು.' ಆ ಕಾಗದ ನನ್ನ ಬಳಿ ಇದೆ, ನೆನಪಿಟ್ಟುಕೊಳ್ಳಿ. ಅಕ್ಕನ ಮನೆ ಒಂದೇ ಅಲ್ಲ, ಆ ಸಾಲಿನ ಹನ್ನೊಂದು ಮನೆಗಳಿಗೂ ಅಂದು ಇದೇ ಸಾಲು ಬರೆದುಕೊಟ್ಟರು.

ಇಲ್ಲಿ ನಾನು ಒಬ್ಬ ಅತಿಥಿಯ ಮಾತು ಹೇಳಬೇಕು. ಪುಸ್ತಕಗಳ ಪ್ರೂಫ್ ತಿದ್ದುವ ಒಬ್ಬ ಹೆಂಗಸು ಪ್ರತಿ ವರ್ಷ ಹದಿನೈದು ದಿನ ಅಕ್ಕನ ಕೋಣೆಗೆ ಬರುತ್ತಿದ್ದರು. ವರ್ಷವಿಡೀ ಸಣ್ಣ ಅಕ್ಷರ ನೋಡಿ ನೋಡಿ ಅವರ ಕಣ್ಣು ಸದಾ ಕೆಂಪು. "ಇಲ್ಲಿ ಓದೋಕೆ ಏನೂ ಇಲ್ಲ, ನೋಡೋಕೂ ಏನೂ ಇಲ್ಲ. ಬರೀ ಕೇಳ್ತಾ ಬಿದ್ಕೊಂಡಿರಬಹುದು. ಅದಕ್ಕೇ ಬರ್ತೀನಿ," ಎನ್ನುತ್ತಿದ್ದರು. ಮಧ್ಯಾಹ್ನ ಮೂರು ಗಂಟೆ ಕಾಲ ಆ ತಣ್ಣನೆಯ ಕತ್ತಲಲ್ಲಿ, ಗೋಡೆಯಾಚೆ ಅಲೆಯ ಸದ್ದು ಕೇಳುತ್ತ ನಿದ್ದೆ ಮಾಡಿ, ಚಿಕ್ಕ ಹುಡುಗಿಯಂತೆ ನಿದ್ದೆಯ ಮುಖದಲ್ಲೇ ಎದ್ದು ಬರುತ್ತಿದ್ದರು. ಕಿಟಕಿ ಇಟ್ಟ ಮೇಲೆ ಒಂದೇ ಒಂದು ಸಲ ಬಂದರು. ಮಂಚವನ್ನು ಗೋಡೆಯ ಕಡೆ ತಿರುಗಿಸಿದರು, ಕಿಟಕಿಗೆ ಹೊದಿಕೆ ಕಟ್ಟಿದರು, ನಾಲ್ಕನೇ ದಿನ ಚೀಲ ಕಟ್ಟಿದರು. "ತುಂಬಾ ಚೆನ್ನಾಗಿದೆಯಮ್ಮ," ಎಂದರು ಅಕ್ಕನಿಗೆ, "ಆದ್ರೆ ನಂಗೆ ನಿದ್ದೆ ಬರ್ತಿಲ್ಲ." ಆ ಹೆಂಗಸಿಗೆ ಎಲ್ಲಿ ತಂಗಬೇಕೆಂದು ಗೊತ್ತಿತ್ತು. ನಿಮ್ಮ ಪುಸ್ತಿಕೆಯಲ್ಲಿ ಅವರ ಕಣ್ಣಿಗೊಂದು ಅಂಕಣ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪರಿಶೀಲಕರು ಬಂದು ಹೋದ ವರ್ಷ ನನಗೆ ಕೈತುಂಬ ಕೆಲಸ. ಎಂಟು ಮನೆಗಳ ಗೋಡೆಗೆ ಕಿಟಕಿ ಕೊರೆದಿದ್ದೆ. ನಡೆದು ಹೋಗುವಾಗ ಜನ ಎದ್ದು ಮಾತಾಡಿಸುತ್ತಿದ್ದರು, ತಲೆ ಸ್ವಲ್ಪ ತಿರುಗಿತ್ತು. ಅಕ್ಕನ ಕೋಣೆ, ಆ ಹೆಂಗಸಿನ ಹದಿನೈದು ದಿನ ಬಿಟ್ಟರೆ, ಒಂದು ಋತು ಪೂರ್ತಿ ಖಾಲಿ ಬಿದ್ದ ಮೇಲೆ ಅವಳು ನನ್ನನ್ನು ಕೂರಿಸಿಕೊಂಡು ಕೇಳಿದಳು. "ಬೇರೆಯವರ ಮಾತು ಬಿಡು. ನೀನು ಕೆಲಸ ಬಲ್ಲವನು. ನೀನೇ ಹೇಳು, ಒಡೀಬಹುದಾ?" ಅಪ್ಪನ ಮಾತು ನನಗೆ ಮರೆತಿರಲಿಲ್ಲ. ಆದರೂ, "ಕಬ್ಬಿಣದ ಚೌಕಟ್ಟು, ದಪ್ಪ ಗಾಜು, ಹೊರಗಡೆ ಮರದ ಬಾಗಿಲು. ಏನೂ ಆಗಲ್ಲ ಬಿಡೇ," ಎಂದೆ. ಆ ಗೋಡೆ ಒಡೆಯಲು ಮೂರು ದಿನ ಹಿಡಿಯಿತು. ಗೋಡೆಯ ಆಚೆಯಿಂದ ಈಚೆಗೆ ಹಾಯುವ ಉದ್ದ ಕಲ್ಲುಗಳನ್ನು ಅಪ್ಪ ಲೋಭವಿಲ್ಲದೆ ಇಟ್ಟಿದ್ದ. ನನ್ನ ಉಳಿ ಎರಡು ಸಲ ಮುರಿಯಿತು. ಇದಕ್ಕಿಂತ ಸ್ಪಷ್ಟವಾಗಿ ಒಂದು ಗೋಡೆ ಹೇಗೆ ತಾನೇ ಬೇಡ ಎನ್ನಬೇಕು? ತೆಗೆದ ಕಲ್ಲುಗಳಿಗೆ ಮಾತ್ರ ಇದ್ದಿಲಿನಲ್ಲಿ ನಂಬರು ಬರೆದು, ಸಾಲಾಗಿ ಮನೆಯ ಪಕ್ಕಕ್ಕೆ ಜೋಡಿಸಿ ಸೋಗೆ ಮುಚ್ಚಿದೆ. ನಮ್ಮಲ್ಲಿ ತೆಗೆದ ಕಲ್ಲನ್ನು ಎಸೆಯುವುದಿಲ್ಲ, ಅಪ್ಪ ಕಲಿಸಿದ್ದು ಅದೊಂದಾದರೂ ಕೈಗೆ ಅಂಟಿತ್ತು.

ಕಿಟಕಿಗೆ ನೀವು ಮೂರು ಚಿಪ್ಪು ಕೊಟ್ಟಿರಿ. ಜನ ಬಂದರು, ಕಿಟಕಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಒಂದು ದಿನ ಇದ್ದು ಹೋದರು. ಎರಡನೆಯ ವರ್ಷ ಗಾಳಿಯ ತಿಂಗಳಲ್ಲಿ, ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ, ಕಿಟಕಿಯ ಹೊರಗಿನ ಮರದ ಬಾಗಿಲು, ತುಕ್ಕು ಹಿಡಿದ ಚಿಲಕ ಕಿತ್ತು, ಬಡಿದುಕೊಳ್ಳತೊಡಗಿತು. ಅದನ್ನು ಎಳೆದು ಕಟ್ಟಲು ಅಕ್ಕ ಕೋಣೆಯೊಳಗೆ ಹೋದಳು. ಅದೃಷ್ಟಕ್ಕೆ ಅತಿಥಿಗಳಿರಲಿಲ್ಲ. ಗಾಜು ಒಡೆಯಿತು, ಗಾಳಿ ಒಳಗೆ ಬಂತು, ಅಪ್ಪ ಹೇಳಿದ ದಾರಿಯನ್ನೇ ಹುಡುಕಿತು. ಹೆಂಚು ಸಾಲುಸಾಲಾಗಿ ಎದ್ದು ಹೋಯಿತು, ಒಂದು ತೊಲೆ ಅಕ್ಕನ ಬಲ ಭುಜದ ಮೇಲೆ ಬಿತ್ತು. ಆಗ ನಾನೆಲ್ಲಿದ್ದೆ ಗೊತ್ತೇ? ಎರಡು ಬೀದಿ ಆಚೆ, ಇನ್ನೊಂದು ಮನೆಯ ಕಿಟಕಿಗೆ ಅಳತೆ ತೆಗೆಯುತ್ತಿದ್ದೆ. ಆಮೇಲೆ ಸೂರನ್ನು ನಾನೇ ಮತ್ತೆ ಹೊದಿಸಿದೆ, ಅಕ್ಕನ ಬಲಗೈ ಮಾತ್ರ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಒಗೆದ ಹಾಸನ್ನು ಹಗ್ಗಕ್ಕೆ ಹಾಕಲು ಸ್ಟೂಲು ಹತ್ತುತ್ತಾಳೆ.

ಅಂದು ಮಧ್ಯಾಹ್ನ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು, ಅದು ನಿಮ್ಮ ಪುಸ್ತಿಕೆಯಲ್ಲಿ ಬಂದಿಲ್ಲ. ಊರ ತುದಿಯಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಲಾಡ್ಜೊಂದಿದೆಯಲ್ಲ, ನೀವು ಐದು ಚಿಪ್ಪು ಕೊಟ್ಟದ್ದು? ಅಲ್ಲಿನ ಅತಿಥಿಗಳು ಚೀಲ ತಲೆಯ ಮೇಲಿಟ್ಟುಕೊಂಡು ಓಡಿ ಬಂದರು. ಅವರನ್ನು ಒಳಗೆ ಕರೆದು, ಬಟ್ಟೆ ಕೊಟ್ಟು, ಚಹಾ ಕಾಯಿಸಿದವರು ಕಿಟಕಿ ಕೊರೆಸದೆ ಹಠ ಹಿಡಿದು ಕೂತಿದ್ದ ಎರಡು ಮನೆಗಳ ಮುದುಕಿಯರು. ಒಂದು ಚಿಪ್ಪೂ ಇಲ್ಲದ ಮನೆಗಳು. ಹಾಗಾದರೆ ತಂಗಲು ಯೋಗ್ಯವಾದ ಜಾಗ ಯಾವುದು ಮಾನ್ಯರೇ? ಬಿಸಿಲಿದ್ದಾಗ ಚೆಂದ ಕಾಣುವುದೋ, ಗಾಳಿ ಬಂದಾಗ ಒಳಗೆ ಕರೆಯುವುದೋ?

ನೋಟಿಸು ಬಂದ ಮೇಲೆ ನಿಮ್ಮ ಪರಿಶೀಲಕರ ಕಾಗದ ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ಮೂರು ದಿನವೂ. ಗುಮಾಸ್ತರು ಎರಡೂ ಕಾಗದ ಓದಿ ಕನಿಕರದಿಂದಲೇ ಹೇಳಿದರು, "ನೋಡಿ, ಕಿಟಕಿ ಬೇಕು ಅನ್ನೋದು ಆ ಟೇಬಲ್ಲು. ಗೋಡೆ ಮುಟ್ಟಬಾರದು ಅನ್ನೋದು ಈ ಟೇಬಲ್ಲು." ಎರಡು ಟೇಬಲ್ಲುಗಳ ನಡುವೆ ಒಂದು ಕುರ್ಚಿ ಹಿಡಿಯುವಷ್ಟೂ ಜಾಗವಿರಲಿಲ್ಲ. ಮಗುವನ್ನು ಚಿವುಟುವ ಕೈ, ತೊಟ್ಟಿಲು ತೂಗುವ ಕೈ ಬೇರೆ ಬೇರೆ ಎಂದು ತಿಳಿದಿದ್ದ ನನಗೆ ಅಂದು ಜ್ಞಾನೋದಯವಾಯಿತು. ಬಾಗಿಲ ಸಂದಿಯಿಂದ ನಿಮ್ಮ ಕೊಠಡಿಯೂ ಕಂಡಿತು. ನಿಮಗೂ ಸಮುದ್ರದ ಕಡೆ ದೊಡ್ಡ ಕಿಟಕಿ ಇದೆ. ಅದಕ್ಕೆ ಅಡ್ಡವಾಗಿ ಕಡತಗಳ ಕಪಾಟು ನಿಲ್ಲಿಸಿದ್ದೀರಿ. ಬೆಳಕಿಗೆ ಕಂಪ್ಯೂಟರಿನ ಪರದೆ ಕಾಣುವುದಿಲ್ಲವಂತೆ, ಗುಮಾಸ್ತರೇ ಹೇಳಿದರು. ದಿನವಿಡೀ ಅಲ್ಲಿ ಕೂತು ಊರಿನ ಮನೆಗಳಲ್ಲಿ ಕಡಲ ನೋಟ ಉಂಟೋ ಇಲ್ಲವೋ ಎಂದು ತೀರ್ಮಾನಿಸುವ ನಿಮ್ಮ ಆ ಕೊಠಡಿಗೆ ಎಷ್ಟು ಚಿಪ್ಪು ಕೊಡೋಣ?

ಈಗ ಬೇಡಿಕೆ. ನಿಮ್ಮ ಪಟ್ಟಿಯಿಂದ 'ಕಡಲ ನೋಟ' ಎಂಬ ಅಂಕಣವನ್ನು ಕಿತ್ತುಹಾಕಿ. ಅಕ್ಕನ ಬಾಗಿಲಿಗೆ ಅಂಟಿಸಿದ ಕಾಗದವನ್ನು ಅಂಟಿಸಿದವರೇ ಬಂದು ಬಿಡಿಸಿಕೊಂಡು ಹೋಗಲಿ. ಯಾರನ್ನಾದರೂ ಶಿಕ್ಷಿಸದೆ ಕಡತ ಮುಚ್ಚಲಾಗದು ಎಂದಾದರೆ ನೋಟಿಸನ್ನು ನನ್ನ ಹೆಸರಿಗೆ ತಿದ್ದಿ. ನಿಮ್ಮ ಪರಿಶೀಲಕರ ಹೆಸರಿಗೂ ಒಂದು ಪ್ರತಿ ಇರಲಿ.

ನನ್ನ ಹೆಸರಿಗೆ ಬರೆಯುವಾಗ ಅಪರಾಧ ಒಂದಲ್ಲ, ಎರಡು ಎಂದು ಬರೆಯಿರಿ. ಕಳೆದ ವಾರ ಆ ಕಿಟಕಿಯನ್ನು ನಾನು ಮುಚ್ಚಿದೆ. ಅನುಮತಿ ಕೇಳಲಿಲ್ಲ. ನಲವತ್ತೊಂದು ಕಲ್ಲು, ಸೋಗೆಯ ಕೆಳಗೆ ಇದ್ದಿಲಿನ ನಂಬರು ಇನ್ನೂ ಮಾಸಿರಲಿಲ್ಲ. ಒಂದೊಂದೂ ತನ್ನ ಜಾಗಕ್ಕೇ ಹೋಗಿ ಕೂತಿತು. ಅಕ್ಕ ಕೆಳಗೆ ನಿಂತು ಎಡಗೈಯಲ್ಲಿ ಗಾರೆಯ ಬಾಂಡ್ಲಿ ಎತ್ತಿ ಕೊಡುತ್ತಿದ್ದಳು. ಕೊನೆಯ ಕಲ್ಲಿಗೆ ಮೊದಲು ಕೇಳಿದಳು, "ಅಪ್ಪ ಇದ್ದಿದ್ರೆ ಆವತ್ತು ನೀನು ಇದನ್ನ ಒಡೀತಿದ್ದೆಯಾ?"

ಒಂದು ವರ್ಷದಿಂದ ಅವಳು ಈ ಪ್ರಶ್ನೆ ಕೇಳಿರಲಿಲ್ಲ. "ಇಲ್ಲ," ಎಂದೆ.

"ಹಾಗಾದ್ರೆ ಆಫೀಸಿನವರೊಬ್ಬರನ್ನೇ ಬೈಬೇಡ. ಪತ್ರದಲ್ಲಿ ಇದನ್ನೂ ಬರಿ."

ಬರೆದಿದ್ದೇನೆ. ಕೋಣೆ ಈಗ ಮತ್ತೆ ಕತ್ತಲಾಗಿದೆ, ತಣ್ಣಗಿದೆ, ಅಲೆ ಕೇಳುತ್ತದೆ. ಪ್ರೂಫ್ ತಿದ್ದುವ ಹೆಂಗಸಿಗೆ ಅಕ್ಕ ಒಂದು ಕಾರ್ಡು ಹಾಕಿಸಿದ್ದಾಳೆ. ಇನ್ನು ಹತ್ತೊಂಬತ್ತು ದಿನ ಬಿಟ್ಟು ಕೆಡವಲು ಬರುವವರು ಬರಲಿ, ಬರುವಾಗ ಗಟ್ಟಿಯಾದ ಉಳಿ ತರಲಿ. ಆ ಗೋಡೆಯನ್ನು ಒಮ್ಮೆ ಒಡೆದು ನೋಡಿದವನ ಅನುಭವದ ಮಾತು ಇದು.

ಇಂತಿ,
ನಿಮ್ಮ ಪಟ್ಟಿಗೆ ಒಂಬತ್ತು ಕಿಟಕಿ ಕೊರೆದುಕೊಟ್ಟು, ಒಂದನ್ನು ಮಾತ್ರ ಮುಚ್ಚಲು ಸಾಧ್ಯವಾದ,
ಊರವರು ಈಗಲೂ 'ಕಿಟಕಿ ಮೇಸ್ತ್ರಿ' ಎಂದೇ ಕರೆಯುವ ಗಾರೆಯವನು